ಹಾಲ್ಟರ್ (ಕುದುರೆಯ ತಲೆಗೆ ತೊಡಿಸುವ ಪಟ್ಟಿ) ಏರಲು ಹನ್ನೊಂದು ವಾರ: ನನ್ನ ಅನುಭವ

"ಹೀಗೆ ದಿನಾ ಹಿಂದೆ ಸರೀತಾ ಕೂತ್ರೆ ಕುದುರೆ ನಿನ್ನ ತಲೆ ಮೇಲೆ ಹತ್ತುತ್ತೆ ನೋಡು" ಅಂದವರೇ ಹೆಚ್ಚು. ಹಸಿದು ಬಡಕಲಾಗಿ, ಮನುಷ್ಯರಿಗೆ ಬೆದರುತ್ತಾ ನನ್ನಲ್ಲಿಗೆ ಬಂದ ಅದೇ ಹೆಣ್ಣುಕುದುರೆ ಈಗ ಕಟ್ಟುಹಾಕದೆ ಬಯಲಲ್ಲಿ ನಿಂತು ನಾಲ್ಕೂ ಗೊರಸು ಎತ್ತಿಕೊಡುತ್ತದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ. ಲಾಯದ ನಿತ್ಯದ ಕೆಲಸ, ಹಗ್ಗ ಹಿಡಿಯುವ ರೀತಿ ಗೊತ್ತಿದ್ದವರಿಗಾಗಿ ಬರೆದದ್ದು, ಅಆಇಈ ಹೇಳಿಕೊಡುವುದಿಲ್ಲ.

ಬಂದಾಗ, ಕುದುರೆಯ ಮೈತುಂಬಿಕೆ ಅಳೆಯುವ 1ರಿಂದ 9ರ ಹೆನೆಕಿ ಅಳತೆಯಲ್ಲಿ ಒಂದೂವರೆ ಅನ್ನಬಹುದಾದ ಮೈ, ಬರೀ ಎಲುಬು. ಇಂಥ ಕುದುರೆಗೆ ಕನಿಕರದಿಂದ ಬಕೆಟ್‌ಗಟ್ಟಲೆ ಕಾಳು ಸುರಿಯುವವರಿದ್ದಾರೆ. ಪಿಷ್ಟ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ನುಗ್ಗಿಬಿಡುತ್ತವೆ. ಮೂರನೇ ದಿನದಿಂದ ಹತ್ತನೇ ದಿನದೊಳಗೆ ಹೃದಯ ಕೈಕೊಡುವುದು ಹೀಗೆ. ವೈದ್ಯರನ್ನು ಕೇಳಿಕೊಂಡು ನಾನು ಕೊಟ್ಟದ್ದು ಕುದುರೆ ಮಸಾಲೆ ಎಂಬ ಮೇವಿನ ಬೆಳೆಯ (ಲೂಸರ್ನ್) ಒಣಹುಲ್ಲು ಮಾತ್ರ: ಮೊದಲ ಮೂರು ದಿನ 4 ಗಂಟೆಗೊಮ್ಮೆ ಹತ್ತಿರಹತ್ತಿರ ಅರ್ಧ ಕಿಲೋ, ರಾತ್ರಿಯೂ ಬಿಡದೆ. ಆರನೇ ದಿನಕ್ಕೆ 8 ಗಂಟೆಗೊಮ್ಮೆ 2 ಕಿಲೋ ಆಸುಪಾಸು. ನಿದ್ದೆ ಕೆಟ್ಟರೂ ಲಾಭವಾಯಿತು. ಮನುಷ್ಯ ಬರುತ್ತಾನೆ, ಹುಲ್ಲಿಡುತ್ತಾನೆ, ಮುಖ ನೋಡದೆ ಹೋಗುತ್ತಾನೆ ಎಂಬ ಪಾಠ ದಿನಕ್ಕೆ ಆರು ಸಲ ಆಯಿತು.

ಹಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತರಬೇತಿಗೆ ಖರ್ಚಾದದ್ದು ಕಡಿಮೆ, ಮುಕ್ಕಾಲು ಪಾಲು ಹಲ್ಲಿಗೂ ಗೊರಸಿಗೂ ಹೋಯಿತು. ಆ ಖರ್ಚನ್ನು ಮುಂದೂಡಿ ತರಬೇತಿ ಶುರುಮಾಡಿದರೆ ನೋವನ್ನು ಮೊಂಡುತನ ಎಂದು ಓದುತ್ತೀರಿ. ಮೇಲಿನ ದವಡೆಹಲ್ಲುಗಳ ಹೊರ ಅಂಚು ಚೂಪಾಗಿದ್ದರೆ, ಹಾಲ್ಟರಿನ ಮೂಗುಪಟ್ಟಿ ಕೆನ್ನೆಯನ್ನು ಒತ್ತಿದಾಗಲೆಲ್ಲ ಒಳಗೆ ಸಿಗಿಯುತ್ತದೆ. ತಲೆ ಎಸೆಯದೆ ಏನು ಮಾಡೀತು? ಹಲ್ಲು ಅರೆಸಲು, ಮೊದಲ ಸಲ ಗೊರಸು ಕತ್ತರಿಸಲು ಮಂಪರು ಕೊಡಿಸಿದೆ. ನಾಲ್ಕು ಜನ ಸೇರಿ ಹಿಡಿದರೆ ಮಂಪರಿನ ದುಡ್ಡು ಉಳಿಯುತ್ತದೆ, ತಿಂಗಳ ಕೆಲಸ ಮಣ್ಣಾಗುತ್ತದೆ.

ದಂಡವಾದದ್ದು ದುಂಡು ಅಂಗಳಕ್ಕೆ ಹಾಕಿದ ಹಣ. 18 ಮೀಟರ್ ಅಗಲದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಕುದುರೆಯನ್ನು ಅದರೊಳಗೆ ಸುತ್ತು ಓಡಿಸಿದೆ. ಇಪ್ಪತ್ತು ನಿಮಿಷಕ್ಕೆ ಬಾಯಿ ಚಪ್ಪರಿಸಿ, ತಲೆ ತಗ್ಗಿಸಿ ಹತ್ತಿರ ಬಂತು. ಗೆದ್ದೆ ಅಂದುಕೊಂಡೆ. ಮರುದಿನ ನನ್ನನ್ನು ಕಂಡೊಡನೆ ಮೂಲೆ ಸೇರಿ ಹಿಂಭಾಗ ತೋರಿಸಿತು. ಬಂದದ್ದು ದಣಿದು, ಚಪ್ಪರಿಸಿದ್ದು ಬಿಗಿ ಸಡಿಲಾಗಿ. ಚೌಕಟ್ಟನ್ನು ಅರ್ಧ ಬೆಲೆಗೆ ಮಾರಿದೆ. ಆ ದುಡ್ಡಿಗೆ ಆರು ತಿಂಗಳ ಹುಲ್ಲು ಬರುತ್ತಿತ್ತು.

ಆಮೇಲೆ ಹಿಡಿದದ್ದೇ ಈ ದಾರಿ: ಸ್ವಲ್ಪ ಹತ್ತಿರ ಹೋಗುವುದು, ಹಿಂದೆ ಸರಿಯುವುದು. ಹಿಂದೆ ಸರಿಯುವುದನ್ನು ಎಲ್ಲರೂ ಮಾಡುತ್ತಾರೆ, ಕೆಡುವುದು ಯಾವಾಗ ಸರಿಯುತ್ತೇವೆ ಅನ್ನುವುದರಲ್ಲಿ. ಕುದುರೆ ನಿಮ್ಮನ್ನು ನೋಡಿ ಮೇಯುವುದು ನಿಲ್ಲಿಸುವ ದೂರ 12 ಮೀಟರ್ ಅನ್ನಿ. ನೀವು 13ಕ್ಕೇ ನಿಲ್ಲಿ. ಹಣೆಗೆ ತೀರಾ ಹತ್ತಿರ ನೇರ ಮುಂದೆ, ಬಾಲದ ನೇರ ಹಿಂದೆ ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಭುಜದ ಕಡೆಗೆ ಬಿಲ್ಲಿನಂತೆ ಬಾಗಿದ ಹಾದಿಯಲ್ಲಿ ನಡೆಯಿರಿ. ಕಣ್ಣು ಮಿಟುಕಿಸಿತೇ, ಉಸಿರು ಬಿಟ್ಟಿತೇ, ಹಿಂಗಾಲೊಂದನ್ನು ಸಡಿಲ ಬಿಟ್ಟಿತೇ, ಆ ಕ್ಷಣ ತಿರುಗಿ ನಡೆದುಬಿಡಿ. ಅರ್ಧ ಸೆಕೆಂಡು ತಡವಾಗಿ, ಅದು ಹೊರಡಲು ಕಾಲೆತ್ತಿದ ಮೇಲೆ ಸರಿದರೆ, ಕಾಲೆತ್ತಿದರೆ ಈತ ಹೋಗುತ್ತಾನೆ ಅಂತ ಕಲಿಯುತ್ತದೆ. ನಾನು ಮೂರು ವಾರ ಕಲಿಸಿದ್ದು ಅದನ್ನೇ. ತಪ್ಪಿ ತೀರಾ ಹತ್ತಿರ ಹೋಗಿ ಅದು ಓಡಿತು ಅನ್ನಿ: ಬೆನ್ನಟ್ಟಬೇಡಿ, ಹಿಂದೆಯೂ ಸರಿಯಬೇಡಿ. ಅದು ನಿಲ್ಲುವವರೆಗೆ ನಿಂತಿದ್ದು, ನಿಂತ ಮೇಲೆ ಹೊರಡಿ.

ಒಂದು ಸಲಕ್ಕೆ ಏಳೆಂಟು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಐದನೇ ವಾರ ಕೈಯ ಹಿಂಭಾಗ ಭುಜ ಮುಟ್ಟಿತು. ತಟ್ಟಬೇಡಿ, ತುರಿಸಿ. ಕತ್ತಿನ ಕೂದಲು ಮುಗಿದು ಹೆಗಲು ಉಬ್ಬುವ ಜಾಗವಿದೆಯಲ್ಲ, ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆಯುವುದು ಅಲ್ಲೇ. ಅಲ್ಲಿ ತುರಿಸಿದರೆ ನಾಡಿ ಇಳಿಯುತ್ತದೆ. ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಎಣಿಸಿದ್ದೇನೆ: ಮೊದಮೊದಲು 60ರ ಮೇಲೆ, ತಿಂಗಳು ಕಳೆದ ಮೇಲೆ 40ರ ಸುತ್ತಮುತ್ತ. ಆರಾಮಾಗಿರುವ ಕುದುರೆಗೆ 28ರಿಂದ 44 ಇರುತ್ತದೆ. ಎಡಗಡೆ ಒಪ್ಪಿದೆಯೆಂದು ಬಲಗಡೆಯೂ ಒಪ್ಪಿತೆಂದು ಲೆಕ್ಕ ಹಾಕಬೇಡಿ, ಅಲ್ಲಿ ಮತ್ತೆ ಮೊದಲಿಂದ.

ಹಾಲ್ಟರಿಗೆ ಮುಂಚೆ ನಾಲ್ಕು ಮೀಟರಿನ ಹತ್ತಿ ಹಗ್ಗ. ಕತ್ತಿನ ಮೇಲೆ ಇಳಿಬಿಡುವುದು, ತೆಗೆಯುವುದು, ಅಷ್ಟೇ. ಹಾಲ್ಟರನ್ನು ಮುಖಕ್ಕೆ ಒಯ್ಯಬೇಡಿ. ಮೂಗುಪಟ್ಟಿಯನ್ನು ಅಗಲಿಸಿ ಹಿಡಿದು ಆಚೆ ಬೋಗುಣಿ ಇಡಿ, ಮೂಗು ತಾನೇ ತೂರಿ ಬರಲಿ. ಬಕಲ್ ಹಾಕದೆ ನಾಲ್ಕು ದಿನ ಬರೀ ತಿನ್ನಿಸಿದೆ. ಪಟ್ಟಿಯನ್ನು ಕಿವಿ ಮೇಲಿಂದ ಎಳೆಯದೆ ಬಿಚ್ಚಿ, ಕಿವಿ ಹಿಂದಿನಿಂದ ತಂದು ಕೊಂಡಿ ಹಾಕಿ. ನನ್ನದು ಬೆದರುತ್ತಿದ್ದುದು ಪಟ್ಟಿಗಲ್ಲ, ಬಕಲಿನ ಕಣಕಣ ಸದ್ದಿಗೆ. ಗೊತ್ತಾಗಲು ವಾರ ಹಿಡಿಯಿತು, ಬಟ್ಟೆ ಸುತ್ತಿದೆ, ಮುಗಿಯಿತು. ನೆತ್ತಿಪಟ್ಟಿ ಚರ್ಮದ್ದಿರಲಿ, ಎಲ್ಲಾದರೂ ಸಿಕ್ಕಿಕೊಂಡರೆ ಹರಿಯಬೇಕು. ಬಯಲಿಗೆ ಬಿಡುವಾಗ ಕಳಚಲೇಬೇಕು.

ಕಾಲೆತ್ತುವುದಕ್ಕೂ ಅದೇ ಗಡಿಯಾರ. ಮೊದಲು ಒಂದು ಸೆಕೆಂಡು ಎತ್ತಿ, ಅದು ಎಳೆಯುವ ಮುಂಚೆ ಇಳಿಸಿ. ಎಳೆದಾಗ ಕೈಬಿಟ್ಟರೆ ಎಳೆಯುವುದನ್ನೇ ಕಲಿಯುತ್ತದೆ. ಹಿಂಗಾಲಿಗೆ ನಾನು ಬಗ್ಗುವ ಬದಲು ಮೆತ್ತನೆಯ ಹಗ್ಗ ಬಳಸಿದೆ, ಅದನ್ನು ಕೈಗೆ ಸುತ್ತಿಕೊಳ್ಳದೆ.

ಕೈಯಿಂದ ತಿನ್ನಿಸಿ ಕಚ್ಚುವುದನ್ನು ಕಲಿಸಿದ್ದೂ ಆಗಿದೆ. ಆಮೇಲೆ ಕೋಲಿನ ತುದಿಗೆ ಚೆಂಡು ಕಟ್ಟಿ, ಮೂತಿ ತಾಗಿದರೆ ಟಿಕ್ ಅನ್ನಿಸಿ, ತಿನಿಸನ್ನು ಬೋಗುಣಿಗೇ ಹಾಕತೊಡಗಿದೆ. ಚೆಂಡು ಹೋದಲ್ಲಿ ಮೂತಿಯೂ ಹೋಗುವುದರಿಂದ, ಕುದುರೆ ಸಾಗಿಸುವ ಗಾಡಿ ಹತ್ತಿಸಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಜಂತುಹುಳದ ಮದ್ದಿನ ಸಿರಿಂಜಿಗೆ ಹೆದರದಿರಲೆಂದು ಅದರಲ್ಲಿ ಬಹುತೇಕ ದಿನ ಬರೀ ಸಕ್ಕರೆನೀರು. ಲಾಯದಲ್ಲಿ ರೇಡಿಯೋ ಹಾಕಿ ನೋಡಿದೆ, ಏನೂ ಆಗಲಿಲ್ಲ. ದಿನಾ ಒಂದೇ ಕೋಟು ಹಾಕುತ್ತಿದ್ದುದು ಎಡವಟ್ಟಾಯಿತು: ಬದಲಿಸಿದ ದಿನ ಕುದುರೆ ನನ್ನನ್ನು ಗುರುತೇ ಹಿಡಿಯದಂತೆ ನಡೆದುಕೊಂಡಿತು. ಅಂದಿನಿಂದ ಬೇಕೆಂದೇ ಟೋಪಿ, ಅಂಗಿ ಬದಲಿಸುತ್ತಿರುತ್ತೇನೆ. ಪಕ್ಕದಲ್ಲಿ ಶಾಂತ ಸ್ವಭಾವದ ಮುದಿ ಕುದುರೆಯೊಂದನ್ನು ತಂದು ನಿಲ್ಲಿಸಿದ ಮೇಲೆ ಮೊದಲ ಸಲ ಇದು ನೆಲಕ್ಕೆ ಉದ್ದಕ್ಕೆ ಒರಗಿ ಮಲಗಿತು. ಕನಸು ಬೀಳುವ ಗಾಢ ನಿದ್ದೆ ನಿಂತ ಕುದುರೆಗಿಲ್ಲ, ಕಾವಲಿಗೊಬ್ಬರಿಲ್ಲದೆ ಮಲಗುವ ಧೈರ್ಯ ಅದಕ್ಕಿರಲಿಲ್ಲ. ಈ ಕೆಲಸವನ್ನು ಮೊದಲ ವಾರವೇ ಮಾಡಬೇಕಿತ್ತು.

ಬಾಗಿಲು ತೆಗೆಯುವ ಮುಂಚೆ ನಾನು ಮಾಡುವ ಸದ್ದೊಂದಿದೆ. ಅದನ್ನು ಬರೆಯುವುದಿಲ್ಲ, ನಿಮ್ಮ ಕುದುರೆಗೆ ನಿಮ್ಮದೇ ಹುಡುಕಿಕೊಳ್ಳಿ. ಹಿಂಗಾಲಿನ ಹಗ್ಗ ಹಾಕುವ ಗಂಟೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಲಗಿವಿ ಇನ್ನೂ ಬಾಕಿ. ಬರಿಗೈ ಹೋದರೆ ತಲೆ ಮೇಲೆತ್ತುತ್ತದೆ, ಒದ್ದೆ ಸ್ಪಂಜಾದರೆ ಕಿವಿಬುಡದವರೆಗೆ ಬಿಡುತ್ತದೆ. ಈ ವಾರ ಸ್ಪಂಜನ್ನು ದಿನಕ್ಕಿಷ್ಟು ಕತ್ತರಿಸಿ ಚಿಕ್ಕದು ಮಾಡುತ್ತಾ ಬರುತ್ತಿದ್ದೇನೆ. ಇವತ್ತಿಗೆ ನಿಂಬೆಹಣ್ಣಿನಷ್ಟು ಉಳಿದಿದೆ.