ಮ್ಯಾಕ್ರೋ ಓಡ್ತಿರುವಾಗ ಮೆಸೇಜ್ ಬಾಕ್ಸ್ ಬೇಡ

ಎಕ್ಸೆಲ್‌ನಲ್ಲಿ ದೊಡ್ಡ ಮ್ಯಾಕ್ರೋ (ಕೆಲಸವನ್ನು ತಾನೇ ಮಾಡಿ ಮುಗಿಸುವ ಕೋಡ್) ಬರೆಯುವವರಿಗೆ ಒಂದು ಮಾತು. ಎಷ್ಟು ಕೆಲಸ ಮುಗಿದಿದೆ ಅಂತ ತೋರಿಸಲು ಲೂಪ್ (ಮತ್ತೆ ಮತ್ತೆ ಓಡುವ ಕೋಡ್ ಭಾಗ) ಒಳಗೆ ಮೆಸೇಜ್ ಬಾಕ್ಸ್ ಹಾಕಬೇಡಿ. ಯಾರಾದರೂ ಓಕೆ ಒತ್ತುವವರೆಗೆ ಕೋಡ್ ಅಲ್ಲೇ ನಿಂತಿರುತ್ತದೆ. ನಾನೂ ಹಾಗೆ ಮಾಡಿ, ಮ್ಯಾಕ್ರೋ ಬಿಟ್ಟು ಊಟಕ್ಕೆ ಹೋಗಿದ್ದೆ. ವಾಪಸ್ ಬಂದರೆ ಎರಡನೇ ಶೀಟ್‌ನಲ್ಲೇ ಕಾಯ್ತಾ ಕೂತಿತ್ತು!

ಸುಲಭದ ದಾರಿ ಸ್ಟೇಟಸ್ ಬಾರ್. ‘ಅಪ್ಲಿಕೇಶನ್ ಡಾಟ್ ಸ್ಟೇಟಸ್‌ಬಾರ್’ಗೆ "10,000ದಲ್ಲಿ 3,500 ಸಾಲು ಮುಗಿದಿದೆ" ಅಂತ ಕೊಟ್ಟರೆ ಕೆಳಗಡೆ ಎಡ ಮೂಲೆಯಲ್ಲಿ ಕಾಣುತ್ತದೆ, ಕೆಲಸ ನಿಲ್ಲುವುದಿಲ್ಲ. ಪ್ರತಿ ಸಾಲಿಗೂ ಬದಲಿಸಿದರೆ ಮ್ಯಾಕ್ರೋ ನಿಧಾನ ಆಗುತ್ತದೆ. 500 ಸಾಲಿಗೊಮ್ಮೆ ಸಾಕು. ಕೊನೆಯಲ್ಲಿ ಅದಕ್ಕೆ ಫಾಲ್ಸ್ ಕೊಡಲು ಮರೆಯಬೇಡಿ, ಇಲ್ಲದಿದ್ರೆ ಹಳೇ ಸಂದೇಶ ಅಲ್ಲೇ ಅಂಟಿಕೊಂಡಿರುತ್ತದೆ. ಎರರ್ ಬಂದಾಗ ಕೋಡ್ ಹೋಗುವ ಜಾಗದಲ್ಲೂ ಫಾಲ್ಸ್ ಕೊಡುವ ಇದೇ ಸಾಲು ಇರಲಿ. ಜಾಸ್ತಿ ಜನ ಎಡವುವುದು ಇಲ್ಲೇ.

ಸ್ಟೇಟಸ್ ಬಾರ್ ಯಾರೂ ನೋಡಲ್ಲ ಅಲ್ವಾ? ಹಾಗಾದರೆ ಒಂದು ಲೇಬಲ್ ಇರುವ ಪುಟ್ಟ ಯೂಸರ್‌ಫಾರ್ಮ್ (ನೀವೇ ಮಾಡುವ ಕಿಟಕಿ) ಮಾಡಿ, ಅದನ್ನು ತೆರೆಯುವ ‘ಶೋ’ ಆದ ಮೇಲೆ ‘ವಿಬಿಮೋಡ್‌ಲೆಸ್’ ಸೇರಿಸಿ. ಫಾರ್ಮ್ ತೆರೆದಿದ್ದರೂ ಕೋಡ್ ಮುಂದೆ ಹೋಗುತ್ತದೆ. ಲೇಬಲ್ ಬದಲಿಸಿದ ಮೇಲೆ ಫಾರ್ಮನ್ನು ಮತ್ತೆ ಬಿಡಿಸುವ ‘ರೀಪೇಂಟ್’ ಕರೆಯಿರಿ, ಇಲ್ಲದಿದ್ರೆ ಫಾರ್ಮ್ ಸುಮ್ನೆ ಬೆಳ್ಳಗೆ ಕಾಣಬಹುದು. ಕೋಡನ್ನು ಕ್ಷಣ ತಡೆದು ಎಕ್ಸೆಲ್‌ಗೆ ಬೇರೆ ಕೆಲಸ ಮಾಡಲು ಬಿಡುವ ‘ಡೂಇವೆಂಟ್ಸ್’ ಕೂಡ ನಡೆಯುತ್ತದೆ, ಆದರೆ ಆ ಗ್ಯಾಪ್‌ನಲ್ಲಿ ಬಳಸುವವರು ಸೆಲ್ ಮೇಲೆ ಕ್ಲಿಕ್ ಮಾಡಿಬಿಡಬಹುದು. ನಿಮ್ಮ ಕೋಡ್ ‘ಆಕ್ಟಿವ್‌ಸೆಲ್’ (ಆಗ ಆಯ್ಕೆಯಾಗಿರುವ ಸೆಲ್) ನಂಬಿಕೊಂಡಿದ್ದರೆ ಡೇಟಾ ಎಲ್ಲೋ ಹೋಗಿ ಬೀಳುತ್ತದೆ. ನಾನಂತೂ ರೀಪೇಂಟ್ ಮಾತ್ರ ಬಳಸುತ್ತೇನೆ.

ಗೂಗಲ್ ಶೀಟ್ಸ್‌ನವರಿಗೆ ಇಷ್ಟೆಲ್ಲ ಕಷ್ಟ ಇಲ್ಲ. ‘ಟೋಸ್ಟ್’ ಕರೆದರೆ ಮೂಲೆಯಲ್ಲಿ ಸಂದೇಶ ಬಂದು 5 ಸೆಕೆಂಡಿಗೆ ತಾನೇ ಹೋಗುತ್ತದೆ.