ಒಂದು ಬಿಲ್ಲೆಯಲ್ಲಿ ಎಷ್ಟು ಜನ? ಪೊಲ್ಲಿಲೂರು ಆಟ ಕಟ್ಟಿದ ನನ್ನ ಅನುಭವ

ಎರಡು ವರ್ಷದಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಸಂಜೆ ಪೊಲ್ಲಿಲೂರು ಯುದ್ಧ ನಡೆಯುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಸುತ್ತುವರಿದು ಮುಗಿಸಿದ ಯುದ್ಧ ಅದು. ರಟ್ಟು ಕತ್ತರಿಸಿ ಬಿಲ್ಲೆ ಮಾಡಿ, ಆರು ಮೂಲೆಯ ಮನೆಗಳ ನಕಾಶೆ ಬರೆದು, ಎರಡು ದಾಳ ಇಟ್ಟುಕೊಂಡು ಈ ಆಟ ಕಟ್ಟಿದೆ. ನಿಯಮ ಬರೆಯೋದು ಅಷ್ಟೇನೂ ಕಷ್ಟವಾಗಲಿಲ್ಲ. ಒಂದು ಬಿಲ್ಲೆ ಅಂದ್ರೆ ಏನು ಅಂತ ತೀರ್ಮಾನ ಮಾಡೋದಕ್ಕೇ ಎಂಟು ತಿಂಗಳು ಹಿಡಿಯಿತು.

ಕಂಪ್ಯೂಟರಿನಲ್ಲಿ ಆಡುವಾಗ ಈ ಪ್ರಶ್ನೆ ನನಗೆ ಬಂದಿರಲೇ ಇಲ್ಲ. ಸಿವಿಲೈಸೇಶನ್ ಫೈವ್ ಆಟದಲ್ಲಿ ಸಾಮಾನ್ಯ ವೇಗಕ್ಕೆ ಶುರುವಿನ ಒಂದೊಂದು ಟರ್ನ್ ಅಂದ್ರೆ 40 ವರ್ಷ. ಯೋಧರ ಯೂನಿಟ್ ಒಂದು ಬೆಟ್ಟ ಸುತ್ತಿ ಬರುವಷ್ಟರಲ್ಲಿ ಐದಾರು ತಲೆಮಾರು ಕಳೆದಿರುತ್ತದೆ. ಅಲ್ಲಿ ಯೂನಿಟ್ ಅಂದ್ರೆ ಇಂತಿಷ್ಟು ಜನ ಅಂತಲ್ಲ, ಆ ರಾಜ್ಯದ ಕೈ ಅಲ್ಲಿವರೆಗೆ ಚಾಚಿದೆ ಅಂತ. ಸಾವಿರಾರು ವರ್ಷದ ಕಥೆಗೆ ಅದು ಸರಿ. ಒಂದು ಬೆಳಗ್ಗೆ ನಡೆದ ಯುದ್ಧಕ್ಕೆ ಅದು ಸಾಲದು.

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಬಿಲ್ಲೆಗೆ 500 ಜನ ಅಂತ ಇಟ್ಟೆ. ಬೈಲಿಯ ಹತ್ತಿರ ಸುಮಾರು 2,800 ಜನ, ಅವನ ನೆರವಿಗೆ ಬಂದ ಫ್ಲೆಚರ್ ಜೊತೆ ಸುಮಾರು 1,000. ಕಂಪನಿಗೆ ಎಂಟು ಬಿಲ್ಲೆ ಸಾಕಾಯಿತು. ಆ ವರ್ಷ ಘಟ್ಟ ಇಳಿದ ಹೈದರನ ಸೈನ್ಯ 80,000ಕ್ಕೂ ಜಾಸ್ತಿ ಅನ್ನುತ್ತಾರೆ. ಅಂದ್ರೆ 160 ಬಿಲ್ಲೆ! ಆಡಿದಾಗಲೆಲ್ಲ ಮೈಸೂರಿಗೇ ಗೆಲುವು, ಅದೂ ನಾಲ್ಕೇ ಸರದಿಯಲ್ಲಿ. ಫಿರಂಗಿ ಬೇಡ, ಬಾಣ (ಆಗಿನ ರಾಕೆಟ್) ಬೇಡ, ಯೋಚನೆಯೂ ಬೇಡ. ಸುಮ್ನೆ ಬಿಲ್ಲೆ ತಳ್ಳಿದರೆ ಆಯಿತು. ಫಲಿತಾಂಶ ಇತಿಹಾಸದ್ದೇ ಆದರೂ ಕಾರಣ ಪೂರ್ತಿ ಸುಳ್ಳು. ತಲೆ ಎಣಿಕೆಯೇ ಸಾಕಾಗಿದ್ದರೆ ಸೆಪ್ಟೆಂಬರ್ 6ರಂದು ಪೆರಂಬಾಕ್ಕಂನಲ್ಲಿ ಟಿಪ್ಪು ಮೇಲೆ ಬಿದ್ದಾಗಲೇ ಬೈಲಿಯ ಕಥೆ ಮುಗಿಯಬೇಕಿತ್ತು, ಅಲ್ವಾ?

ದಾರಿ ತೋರಿಸಿದ್ದು 1824ರ ಒಂದು ಆಟ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ಜೊತೆಯ ಅಧಿಕಾರಿಗಳ ತರಬೇತಿಗೆ ಕಟ್ಟಿದ ಕ್ರೀಗ್ಸ್‌ಪೀಲ್. ನಕಾಶೆ 1:8000 ಅಳತೆಯದು, ಒಂದು ಸರದಿ ಅಂದ್ರೆ ಎರಡು ನಿಮಿಷ. ಅದರಲ್ಲಿ ಕಾಯಿಯ ಉದ್ದ ಅಂದಾಜಿನದ್ದಲ್ಲ. ಆ ಪಡೆ ಸಾಲಾಗಿ ನಿಂತರೆ ಎಷ್ಟು ನೆಲ ಹಿಡಿಯುತ್ತದೋ ಅಷ್ಟೇ ಉದ್ದ. ಇದನ್ನು ತಿಳಿದ ದಿನ ನನ್ನ ರಟ್ಟನ್ನೆಲ್ಲ ತೆಗೆದಿಟ್ಟು ಹೊಸದಾಗಿ ಕತ್ತರಿಸಲು ಕೂತೆ. ಒಂದು ಮನೆಗೆ 200 ಮೀಟರ್, ಒಂದು ಸರದಿಗೆ ಅರ್ಧ ಗಂಟೆ. ಹಿಂದೆ ಎಷ್ಟೇ ಜನ ಕಾದಿರಲಿ, ಆ 200 ಮೀಟರಿನಲ್ಲಿ ನಿಂತು ಹೊಡೆದಾಡೋದಕ್ಕೆ ಇಷ್ಟೇ ಜನಕ್ಕೆ ಜಾಗ. ಮೈಸೂರಿನ 160 ಬಿಲ್ಲೆ 34ಕ್ಕೆ ಇಳಿಯಿತು.

ಆದರೂ ಕುದುರೆ ಸವಾರರ ಬಿಲ್ಲೆ ಸರಿಹೋಗಲಿಲ್ಲ. ನನ್ನ ಅಕ್ಕನ ಮಗ ಪ್ರತಿ ಸಲ ಅವನ್ನು ನೇರವಾಗಿ ಬೈಲಿಯ ಚೌಕದ ಮೇಲೆ, ಅಂದ್ರೆ ನಾಲ್ಕೂ ಕಡೆ ಮುಖ ಮಾಡಿ ನಿಂತ ಸಿಪಾಯಿಗಳ ಮೇಲೆ ನುಗ್ಗಿಸುತ್ತಿದ್ದ. ಅರ್ಧಕ್ಕರ್ಧ ಸತ್ತರೂ ಅವನಿಗೆ ಚಿಂತೆ ಇಲ್ಲ. ಒಂದು ದಿನ ಕೇಳಿದೆ, "ಈ ಕುದುರೆ ಯಾರದ್ದು ಅಂದ್ಕೊಂಡಿದೀಯ?"

"ಹೈದರಂದು ಅಲ್ವಾ ಮಾಮ?"

ಎಲ್ಲವೂ ಅಲ್ಲ. ಬಾರ್ಗೀರನಿಗೆ ಸರ್ಕಾರದ ಕುದುರೆ. ಸಿಲೇದಾರನದು ಸ್ವಂತ ಕುದುರೆ. ಅದು ಸತ್ತರೆ ಅವನ ಅನ್ನವೇ ಹೋಯಿತು. ಅಂಥವನು ಬಂದೂಕಿನ ಸಾಲಿಗೆ ಎದೆ ಕೊಟ್ಟು ಯಾಕೆ ನುಗ್ಗುತ್ತಾನೆ? ಅವನ ಕೆಲಸವೇ ಬೇರೆ. ದಾರಿ ಕಟ್ಟುವುದು, ದವಸ ಬರದಂತೆ ತಡೆಯುವುದು, ಸುದ್ದಿ ಒಯ್ಯುವವನನ್ನು ಹಿಡಿಯುವುದು, ಸಾಲು ಮುರಿದು ಓಡುವವರ ಮೇಲೆ ಬೀಳುವುದು. ಹಾಗಾಗಿ ಸಿಲೇದಾರರ ಬಿಲ್ಲೆಗೆ ಒಂದು ನಿಯಮ ಬರೆದೆ: ಎದುರಿನ ಸಾಲು ಚದುರುವ ತನಕ ಅದು ಮೇಲೆ ಬೀಳುವುದಿಲ್ಲ. ಆದರೆ ಅದರ ಸುತ್ತಲಿನ ಎರಡು ಮನೆಗಳಲ್ಲಿ ಶತ್ರುವಿನ ಓಲೆಯಾಗಲಿ ಅಕ್ಕಿಯಾಗಲಿ ಸಾಗುವುದಿಲ್ಲ. ಅಂದಿನಿಂದ ಆಟದ ಚಹರೆಯೇ ಬದಲಾಯಿತು. ಅದೇ ಹುಡುಗ ಈಗ ಆ ಬಿಲ್ಲೆಗಳನ್ನು ಕಾಂಚೀಪುರದ ರಸ್ತೆಯಲ್ಲಿ ಇಟ್ಟು ಸುಮ್ಮನೆ ಕೂರುತ್ತಾನೆ.

ಅಲ್ಲಿ ನನಗೆ ಹೊಳೆದ ಉತ್ತರವನ್ನೇ ಇವತ್ತಿಗೂ ಹಿಡಿದುಕೊಂಡಿದ್ದೇನೆ. ಬಿಲ್ಲೆ ಅಂದ್ರೆ ಒಬ್ಬನ ಮಾತಿಗೆ ಒಟ್ಟಾಗಿ ಏಳುವ, ಕೂರುವ ಒಂದು ಗುಂಪು. ಅದರಲ್ಲಿ ಎಷ್ಟು ಜನ ಅನ್ನುವುದು ಆಮೇಲಿನ ಮಾತು. ಮಾತು ಅವರಿಗೆ ತಲುಪುತ್ತದಾ, ತಲುಪಿದರೆ ಅವರು ಏನನ್ನು ಕಳೆದುಕೊಳ್ಳಲು ಸಿದ್ಧ, ಇವೆರಡನ್ನು ಮೊದಲು ಕೇಳಬೇಕು.

ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋನನ್ನೇ ನೋಡಿ. 1764ರಲ್ಲಿ ಬಕ್ಸಾರ್ ಯುದ್ಧ ಗೆದ್ದವನು. ಕಾಂಚೀಪುರದಲ್ಲಿ ಬೈಲಿಗಿಂತ ದೊಡ್ಡ ಸೈನ್ಯ ಇಟ್ಟುಕೊಂಡಿದ್ದ. ಇಬ್ಬರ ನಡುವೆ ಒಂದು ದಿನದ ನಡಿಗೆಯೂ ಇರಲಿಲ್ಲ. ಆದರೂ ಅವನು ಹೊತ್ತಿಗೆ ಬರಲಿಲ್ಲ. ಕೊನೆಗೆ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಹಿಂದಿರುಗಿದ. ನನ್ನ ಮೊದಲ ಆಟದಲ್ಲಿ ಮನ್ರೋನ ಬಿಲ್ಲೆಗಳು ಎರಡೇ ಸರದಿಗೆ ಬೈಲಿಯ ಪಕ್ಕ ಬಂದು ನಿಲ್ಲುತ್ತಿದ್ದವು! ಮೇಲಿನಿಂದ ಎಲ್ಲವನ್ನೂ ನೋಡುವ ಆಟಗಾರನಿಗೆ ಇದು ಸಲೀಸು. ಈಗ ಅವನ್ನು ಮಗುಚಿ ಇಡುತ್ತೇನೆ. ಬೈಲಿಯ ಓಲೆ ಸಿಲೇದಾರರ ಕಣ್ಣು ತಪ್ಪಿಸಿ ಹೋಗಬೇಕು, ಮೇಲೆ ದಾಳದಲ್ಲಿ ಒಂಬತ್ತು ದಾಟಬೇಕು. ಆಮೇಲೇ ಅವು ಏಳುವುದು.

ಫಿರಂಗಿ ಬಿಲ್ಲೆಯಲ್ಲಿ ಎತ್ತುಗಳೂ ಸೇರಿವೆ. ಮೈಸೂರಿನ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಮುಟ್ಟಿದ ಅಂತ ದಾಖಲೆಯಿದೆ. ಅದಕ್ಕೇ ಮೈಸೂರಿನ ಫಿರಂಗಿಗೆ ಸರದಿಗೆ ಒಂದು ಮನೆ ಹೆಚ್ಚು ಕೊಟ್ಟೆ.

ಇನ್ನು ಮದ್ದಿನ ಗಾಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಈ ಯುದ್ಧದ ಚಿತ್ರ ಇದೆ. ನಾನು ಮೂರು ಸಲ ಹೋಗಿ ಅದರ ಮುಂದೆ ನಿಂತಿದ್ದೇನೆ. ಕೆಂಪು ಅಂಗಿಯ ಸಿಪಾಯಿಗಳ ಚೌಕ, ಒಳಗೆ ಪಲ್ಲಕ್ಕಿಯಲ್ಲಿ ಬೈಲಿ, ಅಲ್ಲೇ ಹತ್ತಿರ ಮದ್ದಿನ ಗಾಡಿ ಸಿಡಿಯುತ್ತಿದೆ. ಸುತ್ತ ಮೈಸೂರಿನ ಸವಾರರು. ಮೊದಲು ನನ್ನ ಆಟದಲ್ಲಿ ಗಾಡಿಗೆ ಬಿಲ್ಲೆಯೇ ಇರಲಿಲ್ಲ. ಅದರ ಜೊತೆ ಇರುವವರು ಬೆರಳೆಣಿಕೆಯ ಜನ, 500ರ ಲೆಕ್ಕದಲ್ಲಿ ಅವರು ಕಾಣುವುದೇ ಇಲ್ಲ. ಆದರೆ ಯುದ್ಧ ತಿರುಗಿದ್ದು ಅಲ್ಲಿ. ಈಗ ಗಾಡಿಗೆ ಸ್ವಂತ ಬಿಲ್ಲೆ ಇದೆ, ಹಿಂಬದಿಗೆ ಕೆಂಪು ಬಣ್ಣ. ಬಾಣವೋ ಫಿರಂಗಿ ಗುಂಡೋ, ಯಾವುದು ತಗುಲಿದರೂ ಹನ್ನೊಂದರ ಮೇಲೆ ಬಿದ್ದರೆ ಅದನ್ನು ಮಗುಚಬೇಕು.

ಹೋದ ಭಾನುವಾರ ಅಕ್ಕನ ಮಗ ಬೈಲಿ ಆಗಿದ್ದ. ಗಾಡಿಯನ್ನು ಚೌಕದ ನಡುವೆ ಜೋಪಾನವಾಗಿ ಇಟ್ಟಿದ್ದ. ಮೂರು ಸಲ ನನ್ನನ್ನು ಹಿಂದಕ್ಕೆ ತಳ್ಳಿದ. ಏಳನೇ ಸರದಿಯಲ್ಲಿ ನನಗೆ ಹನ್ನೆರಡು ಬಿತ್ತು. ಗಾಡಿ ಮಗುಚಿದೆ, ಸಿಪಾಯಿಗಳ ಪಕ್ಕದ ಮದ್ದಿನ ಗುರುತುಗಳನ್ನೆಲ್ಲ ಎತ್ತಿದೆ. ಅವನು ತನ್ನ ಬಿಲ್ಲೆಗಳನ್ನು ಎಣಿಸಿದ. ಒಂದೂ ಕಡಿಮೆಯಾಗಿರಲಿಲ್ಲ.

"ಜನ ಎಲ್ಲಾ ಇದಾರಲ್ಲ ಮಾಮ?"

"ಇದಾರೆ. ಗುಂಡಿಗೆ ಮದ್ದಿಲ್ಲ."

ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊರಗಿನ ಮನೆಗಳನ್ನು ಬಿಟ್ಟು, ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿ, "ಬಯೋನೆಟ್ ಇದೆ ತಾನೆ?" ಅಂದ.