ಹಳೆಯ ಮೋಟಾರ್‌ಸೈಕಲ್‌ಗೆ ರಿಯರ್‌ಸೆಟ್ ಜೋಡಿಸುವುದು ಹೇಗೆ?

1950 ಮತ್ತು 60ರ ದಶಕಗಳಲ್ಲಿ ಬ್ರಿಟನ್ನಿನ ಯುವ ಸವಾರರು ತಮ್ಮ ಟ್ರಯಂಫ್, ನಾರ್ಟನ್, ಬಿಎಸ್‌ಎ ಬೈಕುಗಳನ್ನು ರೇಸ್ ಬೈಕುಗಳ ಮಾದರಿಯಲ್ಲಿ ಮಾರ್ಪಡಿಸತೊಡಗಿದಾಗ ಮೊದಲು ಹ್ಯಾಂಡಲನ್ನು ತಗ್ಗಿಸಿದರು. ಹ್ಯಾಂಡಲ್ ತಗ್ಗಿದರೆ ಬೆನ್ನು ಮುಂದಕ್ಕೆ ಬಾಗುತ್ತದೆ. ಕಾಲು ಮಾತ್ರ ಮೊದಲಿನಂತೆ ಮುಂದೆಯೇ ಉಳಿದರೆ ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಪಾದವಿಡುವ ಫುಟ್‌ಪೆಗ್‌ಗಳನ್ನೂ, ಅವುಗಳೊಂದಿಗೆ ಗೇರ್ ಮತ್ತು ಬ್ರೇಕ್ ಪೆಡಲ್‌ಗಳನ್ನೂ ಹಿಂದಕ್ಕೆ ಮತ್ತು ತುಸು ಮೇಲಕ್ಕೆ ಸರಿಸುವ ರಿಯರ್‌ಸೆಟ್ ವ್ಯವಸ್ಥೆ ರೇಸ್ ಟ್ರ್ಯಾಕಿನಿಂದ ರಸ್ತೆಗೆ ಬಂತು. ಪೆಗ್ ಸರಿಸುವುದು ಕಷ್ಟದ ಕೆಲಸವಲ್ಲ. ಆದರೆ ಗೇರ್‌ಬಾಕ್ಸ್ ಮತ್ತು ಹಿಂಬದಿಯ ಬ್ರೇಕ್ ಇದ್ದಲ್ಲೇ ಇರುವುದರಿಂದ, ಪೆಡಲ್‌ಗಳಿಂದ ಅವುಗಳವರೆಗಿನ ರಾಡ್‌ಗಳ ಉದ್ದ ಮತ್ತು ಕೋನಗಳನ್ನು ಹೊಂದಿಸುವುದೇ ಈ ಕೆಲಸದ ಮುಕ್ಕಾಲು ಪಾಲು.

ಎತ್ತರದ ಹ್ಯಾಂಡಲ್ ಇರುವ ಬೈಕಿಗೆ ರಿಯರ್‌ಸೆಟ್ ಹಾಕಬಾರದು. ಕೈ ಮೇಲೆ, ಕಾಲು ಹಿಂದೆ ಎಂಬ ಆ ಭಂಗಿಯಲ್ಲಿ ಸೊಂಟಕ್ಕೆ ಆಸರೆಯೇ ಸಿಗುವುದಿಲ್ಲ. ಹ್ಯಾಂಡಲ್ ಮತ್ತು ಸೀಟು ಅಂತಿಮವಾದ ಮೇಲೆಯೇ ಪೆಗ್ಗಿನ ಜಾಗವನ್ನು ಗುರುತಿಸಬೇಕು. ಬೈಕನ್ನು ನೇರವಾಗಿ ನಿಲ್ಲಿಸಿ, ಸವಾರಿಗೆ ತೊಡುವ ಬೂಟುಗಳನ್ನೇ ತೊಟ್ಟು, ಹ್ಯಾಂಡಲ್ ಹಿಡಿದು ಕುಳಿತು, ಪಾದದ ಕೆಳಗೆ ಮರದ ತುಂಡುಗಳನ್ನು ಇಟ್ಟು ಎತ್ತರವನ್ನು ಬದಲಿಸುತ್ತ ನೋಡುವುದು ಅತ್ಯಂತ ವಿಶ್ವಾಸಾರ್ಹ ವಿಧಾನ. ಮೊಣಕಾಲು ಟ್ಯಾಂಕಿನ ತಗ್ಗಿನಲ್ಲಿ ಕೂರಬೇಕು. ಕೈಗಳಿಗೆ ಭಾರ ಕೊಡದೆ ಸೀಟಿನಿಂದ ಕ್ಷಣಕಾಲ ಮೇಲೇಳಲು ಸಾಧ್ಯವಾಗಬೇಕು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆಂದು ಪೆಗ್ಗನ್ನು ಹಿಂಚಕ್ರದ ಅಚ್ಚಿನ ಹತ್ತಿರದವರೆಗೂ ಒಯ್ಯುವವರಿದ್ದಾರೆ. ಅಂಥ ಬೈಕುಗಳು ನಿಂತಲ್ಲೇ ಹೆಚ್ಚು ಹೊತ್ತು ಕಳೆಯುತ್ತವೆ.

ಜಾಗ ಗೊತ್ತಾದ ಮೇಲೆ ಬ್ರಾಕೆಟ್ ಪ್ಲೇಟಿನ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಬೈಕಿಗೆ ಹಿಡಿದು ನೋಡಬೇಕು. ಹಳೆಯ ಚಾಸಿಯ ಕೊಳವೆಗೆ ತೂತು ಕೊರೆಯುವುದಾಗಲಿ, ಬೋಲ್ಟು ಸಿಕ್ಕಿಸಲು ಹೊಸ ಲೋಹದ ಕಿವಿಯನ್ನು ವೆಲ್ಡ್ ಮಾಡುವುದಾಗಲಿ ಸಲ್ಲದು; ಕೊಳವೆಯ ಬಲ ಅಲ್ಲೇ ಕುಗ್ಗುತ್ತದೆ, ಬೈಕನ್ನು ಮೂಲ ಸ್ಥಿತಿಗೆ ಮರಳಿಸುವ ದಾರಿಯೂ ಮುಚ್ಚುತ್ತದೆ. ಹಿಂಬದಿ ಸವಾರರ ಫುಟ್‌ರೆಸ್ಟಿನ ಬೋಲ್ಟು ಮತ್ತು ಎಂಜಿನ್ ಪ್ಲೇಟಿನ ಬೋಲ್ಟುಗಳಂಥ ಈಗಾಗಲೇ ಇರುವ ಆಧಾರಗಳನ್ನೇ ಬಳಸಬೇಕು. ಪ್ರತಿ ಬದಿಯಲ್ಲಿಯೂ ಕನಿಷ್ಠ ಎರಡು ಆಧಾರಗಳು ಬೇಕು, ಅವು ಒಂದಕ್ಕೊಂದು ಸಾಕಷ್ಟು ದೂರದಲ್ಲಿರಬೇಕು. ಒಂದೇ ಬೋಲ್ಟಿನ ಮೇಲೆ ನಿಂತ ಬ್ರಾಕೆಟ್ ಎಷ್ಟೇ ಬಿಗಿದರೂ ರಸ್ತೆಯ ಗುಂಡಿಯೊಂದರಲ್ಲಿ ತಿರುಗಿಯೇ ತಿರುಗುತ್ತದೆ. ಪ್ಲೇಟಿಗೆ 6061-ಟಿ6 ಅಲ್ಯೂಮಿನಿಯಂ ಮಿಶ್ರಲೋಹ, 8ರಿಂದ 10 ಮಿ.ಮೀ. ದಪ್ಪದಲ್ಲಿ, ಸೂಕ್ತ. ಬೋಲ್ಟುಗಳು 8.8 ದರ್ಜೆಯವಾಗಿರಲಿ. ಹಳೆಯ ಬ್ರಿಟಿಷ್ ಬೈಕುಗಳ ಮರೆಗಳು, ಅಂದರೆ ಬೋಲ್ಟಿನ ತಿರುಪು ಗೆರೆಗಳು (ಥ್ರೆಡ್), ಇಂಚಿನ ಲೆಕ್ಕದವು. ಮಿಲಿಮೀಟರ್ ಅಳತೆಯ ಬೋಲ್ಟು ಒಂದೆರಡು ಸುತ್ತು ಹಿಡಿದಂತೆ ಕಂಡರೂ ಬಲವಂತ ಮಾಡಿದರೆ ಮರೆ ಹಾಳಾಗುತ್ತದೆ.

ಇನ್ನು ಗೇರ್. 1970ರ ದಶಕದ ಮಧ್ಯಭಾಗದವರೆಗೂ ಬ್ರಿಟಿಷ್ ಬೈಕುಗಳಲ್ಲಿ ಸಾಮಾನ್ಯವಾಗಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುತ್ತಿತ್ತು. ಜಪಾನಿ ಬೈಕುಗಳಲ್ಲಿ ಇದು ತಿರುವುಮುರುವು. ಕಿಟ್ ಕೊಳ್ಳುವಾಗಲೂ ಸ್ವತಃ ತಯಾರಿಸುವಾಗಲೂ ಯಾವ ಬದಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೂಲ ಗೇರ್ ಲಿವರನ್ನು ತೆಗೆದು, ಗೇರ್ ಶಾಫ್ಟಿನ ಹಲ್ಲುಗಳ ಮೇಲೆ ಚಿಕ್ಕ ತೋಳೊಂದನ್ನು ಕೂರಿಸಿ, ಹೊಸ ಪೆಡಲಿನ ತೋಳಿಗೂ ಇದಕ್ಕೂ ಒಂದು ರಾಡನ್ನು ಜೋಡಿಸುವುದು ಕ್ರಮ. ಎರಡೂ ತೋಳುಗಳು ಒಂದೇ ದಿಕ್ಕಿಗೆ, ಅಂದರೆ ಎರಡೂ ಕೆಳಕ್ಕೆ ಅಥವಾ ಎರಡೂ ಮೇಲಕ್ಕೆ ಇದ್ದರೆ ಗೇರ್ ಬೀಳುವ ಕ್ರಮ ಮೊದಲಿನಂತೆಯೇ ಉಳಿಯುತ್ತದೆ; ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಕ್ರಮ ತಲೆಕೆಳಗಾಗುತ್ತದೆ. ರಾಡನ್ನೇ ಬಳಸದೆ ಮೂಲ ಲಿವರನ್ನು ಹಿಂದಕ್ಕೆ ತಿರುಗಿಸಿ ಹಾಕಿದಾಗಲೂ ಹೀಗೆಯೇ ಆಗುತ್ತದೆ. ರೇಸ್ ಸವಾರರಲ್ಲಿ ಕೆಲವರು ಇದನ್ನು ಬೇಕೆಂದೇ ಮಾಡಿಕೊಳ್ಳುತ್ತಾರೆ, ಆದರೆ ರೂಢಿಯಿಲ್ಲದವರು ಗಡಿಬಿಡಿಯಲ್ಲಿ ಒಂದು ಗೇರ್ ಮೇಲೇರಿಸಲು ಹೋಗಿ ಇಳಿಸಿಬಿಟ್ಟರೆ ಹಿಂಚಕ್ರ ಜಾರುತ್ತದೆ.

ಪೆಡಲ್ ತನ್ನ ಸಹಜ ಸ್ಥಿತಿಯಲ್ಲಿದ್ದಾಗ ಎರಡೂ ತೋಳುಗಳು ರಾಡಿಗೆ ಲಂಬವಾಗಿರಬೇಕು. ಕೋನ ತೀರಾ ಕಿರಿದಾದರೆ ಅಥವಾ ಹಿರಿದಾದರೆ ಗೇರ್ ಒಂದು ಕಡೆಗೆ ಹಗುರವಾಗಿ, ಇನ್ನೊಂದು ಕಡೆಗೆ ಬಿಗಿಯಾಗಿ ಬೀಳುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಬಿಚ್ಚಿಸಿದ ಹಲವು ಪ್ರಕರಣಗಳಲ್ಲಿ ದೋಷವಿರುವುದು ಈ ಕೋನದಲ್ಲಿ. ಒರಟು ಹೊಂದಾಣಿಕೆಗೆ ಶಾಫ್ಟಿನ ತೋಳನ್ನು ಒಂದು ಹಲ್ಲು ಆಚೀಚೆ ಸರಿಸಬಹುದು. ಸೂಕ್ಷ್ಮ ಹೊಂದಾಣಿಕೆಗೆ ರಾಡಿನ ಒಂದು ತುದಿಯಲ್ಲಿ ಬಲಮರೆ, ಇನ್ನೊಂದರಲ್ಲಿ ಎಡಮರೆ ಇದ್ದರೆ ರಾಡನ್ನು ಬಿಚ್ಚದೆಯೇ ತಿರುಗಿಸಿ ಉದ್ದವನ್ನು ಬದಲಿಸಬಹುದು. ತುದಿಯ ಬಾಲ್ ಜಾಯಿಂಟಿನ ತಿರುಪು ತನ್ನ ವ್ಯಾಸದ ಒಂದೂವರೆ ಪಟ್ಟಿನಷ್ಟಾದರೂ ಮರೆಯೊಳಗೆ ಉಳಿದಿರಬೇಕು. ಶಾಫ್ಟಿನ ಕಡೆಯ ತೋಳು ಉದ್ದವಾದಷ್ಟೂ ಗೇರ್ ಹಗುರವಾಗುತ್ತದೆ, ಪಾದ ಮಾತ್ರ ಹೆಚ್ಚು ದೂರ ಚಲಿಸಬೇಕಾಗುತ್ತದೆ.

ಗೇರಿನಲ್ಲಿ ಆಗುವ ತಪ್ಪು ಕಿರಿಕಿರಿ ಉಂಟುಮಾಡುತ್ತದೆ. ಬ್ರೇಕಿನಲ್ಲಿ ಆಗುವ ತಪ್ಪು ಅಪಾಯವನ್ನೇ ತರುತ್ತದೆ. ಮೂಲ ಪೆಡಲನ್ನು ಬಿಚ್ಚುವ ಮೊದಲು, ಅದು ತಿರುಗುವ ಬಿಂದುವಿನಿಂದ ಕಾಲ್ಬೆರಳಿನ ಜಾಗದವರೆಗಿನ ಉದ್ದವನ್ನೂ, ಅದೇ ಬಿಂದುವಿನಿಂದ ರಾಡ್ ಸಿಕ್ಕಿಸುವ ತೂತಿನವರೆಗಿನ ಉದ್ದವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ಮೊದಲನೆಯದು 150 ಮಿ.ಮೀ., ಎರಡನೆಯದು 30 ಮಿ.ಮೀ. ಇದ್ದರೆ ಪಾದದ ಒತ್ತಡ ಐದು ಪಟ್ಟಾಗಿ ರಾಡನ್ನು ಎಳೆಯುತ್ತದೆ. ರಿಯರ್‌ಸೆಟ್ ಪೆಡಲ್‌ಗಳು ಸಾಮಾನ್ಯವಾಗಿ ಗಿಡ್ಡ. ಹೊಸ ಪೆಡಲ್ 110 ಮಿ.ಮೀ. ಇದ್ದರೆ, ರಾಡ್ ಸಿಕ್ಕಿಸುವ ತೋಳು 22 ಮಿ.ಮೀ.ಗೆ ಇಳಿದಾಗ ಮಾತ್ರ ಅದೇ ಐದು ಪಟ್ಟು ಉಳಿಯುತ್ತದೆ. ಇದನ್ನು ಲೆಕ್ಕಿಸದೆ ಕೂರಿಸಿದ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಬೈಕು ಮಾತ್ರ ನಿಲ್ಲುವುದಿಲ್ಲ.

ಡ್ರಮ್ ಬ್ರೇಕಿನ ರಾಡನ್ನು ಮುಂದಕ್ಕೆ ಎಳೆಯಬೇಕಿದ್ದರೆ ಪೆಡಲಿನ ತೋಳು ತಿರುಗುವ ಬಿಂದುವಿನ ಮೇಲ್ಭಾಗದಲ್ಲಿರಬೇಕು, ಏಕೆಂದರೆ ಪೆಡಲನ್ನು ಒತ್ತಿದಾಗ ಮೇಲಿನ ತೋಳು ಮುಂದಕ್ಕೂ ಕೆಳಗಿನ ತೋಳು ಹಿಂದಕ್ಕೂ ಸಾಗುತ್ತದೆ. ತಳ್ಳುವ ತೆಳುವಾದ ರಾಡು ಜೋರಾಗಿ ಒತ್ತಿದಾಗ ಬಿಲ್ಲಿನಂತೆ ಬಾಗಿಬಿಡುತ್ತದೆ. ಡ್ರಮ್ಮಿನ ಕಡೆಯ ತೋಳು, ಬ್ರೇಕ್ ಪೂರ್ತಿ ಹಿಡಿದ ಸ್ಥಿತಿಯಲ್ಲಿ, ರಾಡಿಗೆ ಸುಮಾರು 90 ಡಿಗ್ರಿಯಲ್ಲಿರಲಿ. ಬಳಿಕ ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ, ಚಕ್ರವನ್ನು ಅದರ ಚಲನೆಯ ಪೂರ್ಣ ವ್ಯಾಪ್ತಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ ತಿರುಗಿಸಿ ನೋಡಬೇಕು. ರಾಡಿನ ಮುಂತುದಿ ಸ್ವಿಂಗ್‌ಆರ್ಮಿನ (ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಚೌಕಟ್ಟಿನ) ಕೀಲಿಗೆ ಹತ್ತಿರವಿದ್ದಷ್ಟೂ ಬ್ರೇಕಿನ ಹೊಂದಾಣಿಕೆ ಕದಲುವುದು ಕಡಿಮೆ. ದೂರವಿದ್ದರೆ ಹಳ್ಳಕ್ಕೆ ಇಳಿದಾಗಲೆಲ್ಲ ಬ್ರೇಕ್ ತಾನಾಗಿಯೇ ಹಿಡಿಯಬಹುದು. ಡಿಸ್ಕ್ ಬ್ರೇಕಿದ್ದರೆ, ಬ್ರೇಕ್ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಪುಶ್‌ರಾಡಿಗೆ ಸ್ವಲ್ಪ ಸಡಿಲ ಬಿಡಲೇಬೇಕು, ಇಲ್ಲವಾದರೆ ಪಿಸ್ಟನ್ ಪೂರ್ತಿ ಹಿಂದೆ ಸರಿಯದೆ, ಬಿಸಿಯಾದ ದ್ರವಕ್ಕೆ ಮರಳುವ ದಾರಿ ತಪ್ಪಿ, ಪ್ಯಾಡುಗಳು ಡಿಸ್ಕಿಗೆ ಅಂಟಿಕೊಂಡೇ ಓಡುತ್ತವೆ.

ಇಷ್ಟಾದ ಮೇಲೂ ಅಡ್ಡ ಬರುವ ಸಂಗತಿಗಳಿವೆ. ಕಿಕ್ಕರ್ ಕೆಳಗಿಳಿಯುವ ದಾರಿಯಲ್ಲಿ ಪೆಗ್ಗು ನಿಂತರೆ ಮಡಚುವ ಪೆಗ್ಗೇ ಗತಿ. ರಸ್ತೆಯ ಬೈಕಿಗೆ ಹೇಗೂ ಅದೇ ಒಳ್ಳೆಯದು, ನೆಲಕ್ಕೆ ತಾಗಿದರೆ ಹಿಂದಕ್ಕೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಸೈಲೆನ್ಸರ್ ಹಿಮ್ಮಡಿಗೆ ತಾಗುತ್ತದೆಯೇ, ಸ್ಟ್ಯಾಂಡ್ ಪೂರ್ತಿ ಮೇಲೇರುತ್ತದೆಯೇ ಎಂಬುದನ್ನು ನೋಡಬೇಕು. ಬ್ರೇಕ್ ದೀಪದ ಸ್ವಿಚ್ಚಿನ ಸ್ಪ್ರಿಂಗನ್ನು ಹೊಸ ಪೆಡಲಿಗೆ ಜೋಡಿಸಲು ಮರೆಯುವವರೇ ಹೆಚ್ಚು. ಹಿಂಬದಿ ಸವಾರರ ಫುಟ್‌ರೆಸ್ಟಿನ ಜಾಗವನ್ನು ರಿಯರ್‌ಸೆಟ್ ನುಂಗಿದ್ದರೆ ಆ ಬೈಕು ಇನ್ನು ಒಬ್ಬರದು. ಮಾರ್ಪಾಟಿಗೆ ವಾಹನ ನಿಯಮಗಳು ಮತ್ತು ವಿಮೆ ಒಪ್ಪುತ್ತವೆಯೇ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಅಂತಿಮ ಜೋಡಣೆಯಲ್ಲಿ ಪೆಡಲಿನ ಬುಷ್‌ಗಳಿಗೆ ಗ್ರೀಸ್, ಬ್ರಾಕೆಟ್ ಬೋಲ್ಟುಗಳ ಮರೆಗೆ ಬಿಚ್ಚಲು ಬರುವ ಬಗೆಯ ಥ್ರೆಡ್‌ಲಾಕ್, ರಾಡಿನ ಎರಡೂ ತುದಿಗೆ ಲಾಕ್‌ನಟ್ ಹಾಕಬೇಕು. ಬೈಕನ್ನು ಗಟ್ಟಿಯಾಗಿ ಹಿಡಿಸಿಕೊಂಡು ಎರಡೂ ಪೆಗ್ಗುಗಳ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಬ್ರಾಕೆಟ್ ಬಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಹಿಂಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ತಿರುಗಿಸುತ್ತ, ಎಲ್ಲ ಗೇರುಗಳೂ ನ್ಯೂಟ್ರಲ್ಲೂ ಸಲೀಸಾಗಿ ಬೀಳುತ್ತವೆಯೇ, ಬ್ರೇಕ್ ಬಿಟ್ಟ ತಕ್ಷಣ ಚಕ್ರ ಮುಕ್ತವಾಗುತ್ತದೆಯೇ ಎಂದು ನೋಡಬೇಕು. ಮೊದಲ ಸವಾರಿ ವಾಹನ ಸಂಚಾರವಿಲ್ಲದ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದು ನೋಡುವುದರಿಂದ ಆರಂಭವಾಗಲಿ. ಹಳೆಯ ಎಂಜಿನ್ನುಗಳ ಕಂಪನಕ್ಕೆ ಹೊಸ ಬೋಲ್ಟುಗಳು ಬೇಗ ಸಡಿಲಗೊಳ್ಳುವುದರಿಂದ ಆ ಸವಾರಿ ಮುಗಿದೊಡನೆ ಒಮ್ಮೆ, ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪ್ರತಿಯೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಬೇಕು. ಬಿಚ್ಚಿದ ಮೂಲ ಭಾಗಗಳಿಗೆ ಎಣ್ಣೆ ಸವರಿ, ಅವುಗಳ ಬೋಲ್ಟುಗಳ ಸಮೇತ ಒಂದೇ ಡಬ್ಬಿಯಲ್ಲಿ ಕಟ್ಟಿಡಬೇಕು.